ಅಳತೆ ಮೀರಿದ ಸಾಮಾನು

ಅಡಿಲೇಡ್ ವಿಮಾನ ನಿಲ್ದಾಣದಲ್ಲಿ
ಕಟ್ಟಕಡೆಯ ಕೌಂಟರು ನನ್ನದು.
ಬೆಲ್ಟಿನ ಬಾಯಿಗೆ ಹಿಡಿಸದ್ದೆಲ್ಲ ಇಲ್ಲಿಗೆ ಬರುತ್ತದೆ:
ಅಲೆ ಹತ್ತುವ ಹಲಗೆ, ದೋಣಿಯ ಹುಟ್ಟು, ಮಡಿಸಿದ ಗಾಲಿಕುರ್ಚಿ,
ಒಮ್ಮೆ ಕೋಲುಜಿಗಿತದ ಹುಡುಗಿಯ ಹದಿನಾಲ್ಕಡಿ ಕೋಲು.
ಎಷ್ಟೋ ಎತ್ತರ ಹಾರಿಸಿದ ಕೋಲನ್ನು
ಹಾರಿಸಲು ನಮ್ಮ ಯಾವ ವಿಮಾನಕ್ಕೂ ಆಗಲಿಲ್ಲ.
ಅಪ್ಪನ ಕಾರಿನ ನೆತ್ತಿಗೆ ಕಟ್ಟಿ, ತುದಿಗೊಂದು ಕೆಂಪು ಚಿಂದಿ ತೂಗಿಬಿಟ್ಟು
ಮೆಲ್ಬರ್ನಿನ ರಸ್ತೆ ಹಿಡಿದಳು.

ಗಾಲ್ಫ್ ಚೀಲಕ್ಕೆ ನಮ್ಮಲ್ಲಿ ದುಡ್ಡಿಲ್ಲ, ಸೈಕಲ್ಲಿಗುಂಟು.
ಯಾಕೆ ಎಂದು ಕೇಳುತ್ತಾರೆ.
ನಿಯಮ ಬರೆದವರು ಭಾನುವಾರ ಏನಾಡುತ್ತಾರೋ
ನನಗೇನು ಗೊತ್ತು. ನಗುತ್ತೇನೆ.
ನಗುವುದಕ್ಕೆ ಎರಡು ದಿನದ ತರಬೇತಿಯಾಗಿದೆ.

ಇವತ್ತು ಬೆಳಗಿನ ಐದಕ್ಕೆ, ಹೊರಗೆ ಆಗಲೇ ಮೂವತ್ತು ಡಿಗ್ರಿ,
ಡೋರೀನ್ ಪ್ಯಾಸ್ಕೋ, ಎಪ್ಪತ್ತೊಂದು, ಹೋಬಾರ್ಟಿಗೆ.
ಅಂಗಡಿಯಲ್ಲಿ ಬೇಡಿ ತಂದ ರಟ್ಟಿನ ಪೆಟ್ಟಿಗೆ,
ಮುರಿದ ಕಾಲಿಗೆ ಪಟ್ಟಿ ಕಟ್ಟಿದ ಹಾಗೆ ಟೇಪು.

ತಕ್ಕಡಿಯಲ್ಲಿ ಇಪ್ಪತ್ಮೂರು ಪಾಯಿಂಟ್ ಒಂಬತ್ತು.
ಮಿತಿ ಇಪ್ಪತ್ಮೂರು.
"ಸೈಕಲ್ಲಿನ ದುಡ್ಡು ಕಟ್ಟಿದ್ದೀನಲ್ಲ?"
ಕಟ್ಟಿದ್ದೀರಿ. ಅದು ಉದ್ದಕ್ಕೆ, ಇದು ತೂಕಕ್ಕೆ.
ಎಪ್ಪತ್ತೈದು ಡಾಲರ್. ಬರುವಾಗ ಇನ್ನೊಮ್ಮೆ.
"ಸೈಕಲ್ಲನ್ನೇ ಅರವತ್ತಕ್ಕೆ ಕೊಂಡಿದ್ದೆ" ಎಂದರು,
ಜಗಳದ ದನಿಯಿಲ್ಲ, ಲೆಕ್ಕ ಒಪ್ಪಿಸುವವರ ಹಾಗೆ.

ಒಂಬೈನೂರು ಗ್ರಾಂ.

ಗದಗಿನ ಮೈದಾನ. ಐವತ್ತೈದು ಕಿಲೋದೊಳಗಿನ ಹುಡುಗಿಯರ ಕಬಡ್ಡಿ.
ಆಟಕ್ಕೆ ಸಾಮಾನು ಅಂತ ಏನೂ ಇರಲಿಲ್ಲ, ಗೆರೆ ಎಳೆಯಲು
ಒಂದು ಪೊಟ್ಟಣ ಸುಣ್ಣದ ಪುಡಿ; ಉಳಿದದ್ದು ಉಸಿರು.
ಆದರೂ ತೂಕ ನಮ್ಮನ್ನು ಬಿಡಲಿಲ್ಲ.
ರೇಷನ್ ಅಂಗಡಿಯಿಂದ ಹೊತ್ತು ತಂದ ತಕ್ಕಡಿ ಹತ್ತಿ ನಿಂತೆ:
ಐವತ್ತೈದೂ ಮುಕ್ಕಾಲು.

"ಓಡಬೇ ನೀಲಗಂಗಾ" ಅಂದರು ಬೆಟಗೇರಿ ಮಾಸ್ತರು,
"ಬೆವರು, ಉಗುಳು, ಏನಾರ ಮಾಡು.
ಹತ್ತಕ್ಕ ಹೆಸರ ಕೂಗ್ತಾರ."
ಅವರದೇ ಉಣ್ಣೆ ಸ್ವೆಟರ್ ತೊಟ್ಟು ಏಪ್ರಿಲ್ಲಿನ ಬಿಸಿಲಲ್ಲಿ ಇಪ್ಪತ್ತು ಸುತ್ತು.
ಹುಣಸೆ ಚೀಪಿ ಚೀಪಿ ಉಗುಳಿದೆ.
ಬಳೆ ಬಿಚ್ಚಿದೆ, ಓಲೆ ಬಿಚ್ಚಿದೆ. ಕಡೆಗೆ ಸಾವಂತ್ರೆವ್ವ
ಕತ್ತರಿ ತಂದು ನನ್ನ ಜಡೆಯನ್ನು ಕುತ್ತಿಗೆಗೆ ಸಮ ಮಾಡಿದಳು.
ಮುಳ್ಳು ನಿಂತಿತು.
ಅವ್ವ ಒಂದು ತಿಂಗಳು ಮಾತು ಬಿಟ್ಟಳು;
ಅದು ಯಾವ ತಕ್ಕಡಿಗೂ ಬರದ ಬಾಬತ್ತು.

ಇದನ್ನೆಲ್ಲ ಡೋರೀನ್‌ಗೆ ಹೇಳಲಿಲ್ಲ.
"ಪೆಡಲ್ ಬಿಚ್ಚಿ ಕೋಟಿನ ಜೇಬಿಗೆ ಹಾಕಿಕೊಳ್ಳಿ" ಎಂದೆ,
"ಜೇಬನ್ನು ಯಾರೂ ತೂಗುವುದಿಲ್ಲ."
"ಬಲಗಡೆಯದು ಬಂತು, ಎಡಗಡೆಯದು ಜಪ್ಪಯ್ಯ ಅನ್ನಲಿಲ್ಲ."
ಎಡ ಪೆಡಲಿನ ತಿರುಪು ಉಲ್ಟಾ.
ಬಿಚ್ಚಿದೆ ಅಂದುಕೊಂಡವರು ಬಿಗಿ ಮಾಡಿರುತ್ತಾರೆ;
ಆರು ವರ್ಷ ಇಲ್ಲಿ ಕೂತು ನಾನು ಕಲಿತ ವೇದಾಂತ ಇಷ್ಟೇ.
ನನ್ನ ಡ್ರಾಯರಿನಲ್ಲಿ ಹದಿನೈದರ ಸ್ಪ್ಯಾನರ್ ಒಂದಿದೆ,
ಯಾವ ನಿಯಮದಲ್ಲೂ ಇಲ್ಲ.
ನೆಲಕ್ಕೆ ಮಂಡಿಯೂರಿದೆವು, ಕಂಪನಿಯ ಸ್ಕರ್ಟೂ ಅವರ ಮಂಡಿನೋವೂ.
ಕಿರ್ ಎಂದು ಬಿಟ್ಟುಕೊಂಡಿತು.

ಇಪ್ಪತ್ಮೂರು ಪಾಯಿಂಟ್ ಎರಡು.
ಬಾಗಿಲಿನತ್ತ ಮೇಲ್ವಿಚಾರಕನ ಬೂಟು.
ಡೋರೀನ್ ಪೆಟ್ಟಿಗೆಯೊಳಗೆ ಮೊಣಕೈತನಕ ತೋಳಿಳಿಸಿ
ಹೆರಿಗೆ ಮಾಡಿಸುವವಳ ಹಾಗೆ ಮುಖ ಮೇಲೆತ್ತಿ
ಹಿತ್ತಾಳೆಯ ಗಂಟೆಯೊಂದನ್ನು ಈಚೆ ತಂದರು.
ಇಪ್ಪತ್ಮೂರು. ಸೊನ್ನೆ.

ಎರಡು ಜೇಬಿಗೆ ಎರಡು ಪೆಡಲ್, ಎದೆಯ ಜೇಬಿಗೆ ಗಂಟೆ.
ಭಾರವಾದ ಹಗುರ ಹೆಂಗಸು
ತಪಾಸಣೆಯ ಸಾಲಿನತ್ತ ನಡೆದರು.
ಎದುರಾಳಿ ಅಂಗಳಕ್ಕೆ ನುಗ್ಗಿದವಳನ್ನು ನೋಡುವ ಹಾಗೆ
ನಾನು ಉಸಿರು ಹಿಡಿದು ನಿಂತಿದ್ದೇನೆಂದು
ಆಮೇಲೆ ಗೊತ್ತಾಯಿತು,
ಕಮಾನಿನ ಆಚೆ, ಗೆರೆ ದಾಟಿದ ಮೇಲೆ,
ಟ್ರಿಣ್ ಎಂದಾಗ.

ಮುಂದಿನವರು, ದಯವಿಟ್ಟು.
ಗಾಲ್ಫ್.